‘ಗಾಟನ್’ ಎಂದು ಬರೆದರೆ ಅರ್ಧ ಅಂಕ ಕಳೆಯಬೇಕೇ?

ಬಾಡದ ಅಕ್ಕ · ಭಾನುವಾರ, ಬೆಳಿಗ್ಗೆ 8:40

ಮಗಳು ಒಂಬತ್ತನೆಯ ತರಗತಿ. ಮೊನ್ನೆ ಇಂಗ್ಲಿಷ್ ಕಿರುಪರೀಕ್ಷೆಯ ಉತ್ತರಪತ್ರಿಕೆ ಪಾಲಕರ ಸಹಿಗೆಂದು ಮನೆಗೆ ಬಂತು. ಮಳೆಗಾಲದಲ್ಲಿ ಅಘನಾಶಿನಿಯಿಂದ ತದಡಿಗೆ ದೋಣಿಯಲ್ಲಿ ದಾಟಿ ಗೋಕರ್ಣಕ್ಕೆ ಹೋದ ಕಥೆ ಬರೆದಿದ್ದಾಳೆ. ಓದಲು ಚೆನ್ನಾಗಿದೆ. ದಡ ಮುಟ್ಟುವಷ್ಟರಲ್ಲಿ ಬಟ್ಟೆಯೆಲ್ಲ ಒದ್ದೆಯಾಗಿತ್ತು ಎನ್ನುವಲ್ಲಿ ‘ಹ್ಯಾಡ್ ಗಾಟನ್ ವೆಟ್’ ಎಂದು ಹಾಕಿದ್ದಾಳೆ. ಆ ‘ಗಾಟನ್’ಗೆ ಕೆಂಪು ಶಾಯಿಯಲ್ಲಿ ಎರಡು ಸುತ್ತು. ಹಾಳೆ ತಿರುಗಿಸಿದರೆ ಹಿಂಬದಿಯಲ್ಲಿ ಬೆರಳಿಗೆ ತಾಗುವಷ್ಟು ಒತ್ತಿ ಎಳೆದಿದ್ದಾರೆ. ಪಕ್ಕದಲ್ಲಿ ‘ಇಂಥ ಶಬ್ದವೇ ಇಲ್ಲ’ ಎಂದು ಬರೆದು ಅರ್ಧ ಅಂಕ ಕಳೆದಿದ್ದಾರೆ.

ಅರ್ಧ ಅಂಕ ಹೋದರೆ ಹೋಗಲಿ. ಆ ‘ಇಲ್ಲ’ ಎಂಬ ಮಾತು ನನ್ನ ತಲೆಯಲ್ಲಿ ಕೊರೆಯುತ್ತಿದೆ. ನನ್ನ ನಾದಿನಿಯ ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಇವರಿಬ್ಬರೂ ವಾರಕ್ಕೆರಡು ಸಲ ವಿಡಿಯೋ ಕರೆಯಲ್ಲಿ ಮಾತಾಡುತ್ತಾರೆ. ಅವಳ ಬಾಯಲ್ಲಿ ಈ ಶಬ್ದ ನಾನೇ ಎಷ್ಟೋ ಸಲ ಕೇಳಿದ್ದೇನೆ. ಮಗಳು ಕೇಳುತ್ತಾಳೆ: ‘ಅಮ್ಮಾ, ಇಲ್ಲದ ಶಬ್ದವನ್ನು ಅವಳು ಹೇಗೆ ಆಡುತ್ತಾಳೆ?’ ನನ್ನ ಬಳಿ ಉತ್ತರವಿಲ್ಲ. ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ತಿಳಿದವರು ಹೇಳಿ: ಇದು ತಪ್ಪೇ? ಅಕ್ಕೋರ ಹತ್ತಿರ ಹೋಗಿ ಕೇಳಬಹುದೇ, ಕೇಳಿದರೆ ಮಗುವಿಗೆ ತೊಂದರೆಯೇ?

ಪೇಟೆಬೀದಿ · 8:52

ತಪ್ಪು. ಗೆಟ್, ಗಾಟ್, ಗಾಟ್. ಬೆತ್ತದ ಎದುರು ನಿಂತು ಬಾಯಿಪಾಠ ಮಾಡಿದ್ದು, ಇವತ್ತಿಗೂ ಮರೆತಿಲ್ಲ.

ಘಟ್ಟದ ಗಾಳಿ · 9:05

ಅದು ಅಮೆರಿಕದವರು ಹುಟ್ಟಿಸಿಕೊಂಡ ಶಬ್ದ ಅಕ್ಕಾ. ಇಂಗ್ಲೆಂಡಿನಲ್ಲಿ ಯಾವ ಕಾಲಕ್ಕೂ ಇರಲಿಲ್ಲ. ಮೂಲ ಭಾಷೆ ಯಾರದೋ ಅವರ ಮಾತು ನಡೆಯಬೇಕು. ಅಕ್ಕೋರು ಸರಿಯಾಗಿಯೇ ತಿದ್ದಿದ್ದಾರೆ, ನೀವು ಹೋಗಿ ಕೇಳುವುದೇನೂ ಬೇಡ.

ಯಾಣದ ಕಲ್ಲು · 9:31

ಘಟ್ಟದ ಗಾಳಿಯವರೇ, ಇದು ಪೂರಾ ತಿರುಗುಮುರುಗು. ನಾನು ಕ್ಯಾಲಿಫೋರ್ನಿಯಾಕ್ಕೆ ಬಂದು ಹದಿನಾರು ವರ್ಷವಾಯಿತು, ಬಂದ ಹೊಸದರಲ್ಲಿ ನಾನೂ ಹೀಗೆಯೇ ಅಂದುಕೊಂಡಿದ್ದೆ. ಆಮೇಲೆ ಹುಡುಕಿ ಓದಿದೆ.

‘ಗಾಟನ್’ ಇಂಗ್ಲೆಂಡಿನದೇ ಹಳೆಯ ರೂಪ. 1611ರ ಕಿಂಗ್ ಜೇಮ್ಸ್ ಬೈಬಲ್ಲಿನಲ್ಲಿ ಮೊದಲ ಮಗು ಹುಟ್ಟಿದಾಗ ಹವ್ವಳು ಆಡುವ ಮಾತಿನಲ್ಲೇ ಇದೆ, ದೇವರಿಂದ ಮಗನನ್ನು ‘ಹ್ಯಾವ್ ಗಾಟನ್’ ಎಂದು. ಷೇಕ್ಸ್‌ಪಿಯರನ ನಾಟಕದಲ್ಲೂ ಬರುತ್ತದೆ. ಹದಿನೇಳನೆಯ ಶತಮಾನದಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಹೋದವರು ಆ ಶಬ್ದವನ್ನು ಬಾಯಲ್ಲಿಟ್ಟುಕೊಂಡೇ ಹೋದರು. ಅವರು ಹೋದ ಮೇಲೆ ಇಂಗ್ಲೆಂಡಿನಲ್ಲಿ ‘ಗಾಟನ್’ ಸವೆಯುತ್ತ ಬಂದು ‘ಗಾಟ್’ ಒಂದೇ ಉಳಿಯಿತು. ಅಮೆರಿಕದಲ್ಲಿ ಹಳೆಯದು ಉಳಿದುಕೊಂಡಿತು. ಬಿಟ್ಟವರು ಇಂಗ್ಲೆಂಡಿನವರು. ಉಳಿಸಿಕೊಂಡವರ ಮೇಲೆ ‘ಹುಟ್ಟಿಸಿಕೊಂಡಿರಿ’ ಎಂಬ ಆರೋಪ!

ಪೇಟೆಬೀದಿ · 9:34

ಷೇಕ್ಸ್‌ಪಿಯರ್ ಬರೆದಿದ್ದರೆ ನಮ್ಮ ಬಾಯಿಪಾಠದ ಪಟ್ಟಿಯಲ್ಲಿ ಯಾಕೆ ಇರಲಿಲ್ಲ?

ಯಾಣದ ಕಲ್ಲು · 9:40

ಅವನೂ ಹೆಚ್ಚಾಗಿ ‘ಗಾಟ್’ ಎಂದೇ ಬರೆದಿದ್ದಾನೆ, ‘ಗಾಟನ್’ ಅಲ್ಲೊಂದು ಇಲ್ಲೊಂದು. ಆ ಕಾಲಕ್ಕೆ ಎರಡೂ ಓಡಾಡುತ್ತಿದ್ದವು. ನಮ್ಮ ಪಟ್ಟಿ ಬಂದದ್ದು ಬ್ರಿಟಿಷರ ಕಾಲದ ಶಾಲೆಯಿಂದ, ಅವರು ‘ಗಾಟನ್’ ಬಿಟ್ಟ ಮೇಲೆ.

ಚಂದಾವರ · 10:02

ಪೂರ್ತಿ ಬಿಟ್ಟಿಲ್ಲ. ‘ಫರ್ಗೆಟ್, ಫರ್ಗಾಟ್, ಫರ್ಗಾಟನ್’ ಎಂದು ಎಲ್ಲ ಮಕ್ಕಳೂ ಹೇಳುತ್ತಾರಲ್ಲ, ಅದರ ಹೊಟ್ಟೆಯೊಳಗೆ ಕುಳಿತಿರುವುದು ಯಾವ ಶಬ್ದ? ಅನ್ಯಾಯದ ಗಳಿಕೆಗೆ ಇಂಗ್ಲೆಂಡಿನವರೂ ‘ಇಲ್ ಗಾಟನ್’ ಎಂದೇ ಬರೆಯುತ್ತಾರೆ. ನಮ್ಮ ಇಗರ್ಜಿಯಲ್ಲಿ ಇಂಗ್ಲಿಷ್ ಪೂಜೆಯಿದ್ದ ದಿನ ವಿಶ್ವಾಸ ಪ್ರಕಟಣೆಯಲ್ಲಿ ‘ಬಿಗಾಟನ್, ನಾಟ್ ಮೇಡ್’ ಎಂದು ಎಲ್ಲರೂ ಎದ್ದು ನಿಂತು ಹೇಳುತ್ತೇವೆ. ‘ಇಂಥ ಶಬ್ದವೇ ಇಲ್ಲ’ ಎಂದು ಬರೆದದ್ದು ಮಾತ್ರ ಸರಿಯಲ್ಲ.

ಶರಾವತಿ ಮಾಸ್ತರ · 10:48

ನಾನು ಹೊನ್ನಾವರದ ಕಡೆಯ ಹೈಸ್ಕೂಲುಗಳಲ್ಲಿ ಮೂವತ್ತನಾಲ್ಕು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತನಾದವನು. ಆ ಅಕ್ಕೋರ ಪರವಾಗಿ ಯಾರಾದರೂ ಮಾತಾಡಬೇಕು, ನಾನೇ ಆಡುತ್ತೇನೆ.

ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ಹೋದವರಿಗೆ ಗೊತ್ತು. ಬೆಳಿಗ್ಗೆ ಕಟ್ಟು ಕೈಗೆ ಬರುತ್ತದೆ, ಜೊತೆಗೆ ಮಾದರಿ ಉತ್ತರ. ಎದುರಿನ ಹಾಳೆ ಯಾರದು, ಅವರ ಅತ್ತಿಗೆ ನ್ಯೂಜೆರ್ಸಿಯಲ್ಲಿದ್ದಾಳೋ ನಾದಿನಿ ನ್ಯೂಯಾರ್ಕಿನಲ್ಲಿದ್ದಾಳೋ ನೋಡುವ ವ್ಯವಧಾನ ಯಾರಿಗೂ ಇಲ್ಲ. ನಮ್ಮ ಪಠ್ಯ, ನಮ್ಮ ಕಾಗುಣಿತ, ನಮ್ಮ ವ್ಯಾಕರಣ ಎಲ್ಲವೂ ಬ್ರಿಟಿಷ್ ಪದ್ಧತಿಯವು. ‘ಕಲರ್’ ಬರೆಯುವಾಗ ‘ಯು’ ಅಕ್ಷರ ಬಿಟ್ಟರೆ ಸುತ್ತು ಹಾಕುತ್ತೇವೆ, ಅದೇ ರೀತಿ ಇದು. ಒಂಬತ್ತರಲ್ಲಿ ಅರ್ಧ ಅಂಕ ಕಳೆದು ಎಚ್ಚರಿಸಿದರೆ ಹತ್ತರಲ್ಲಿ ಉಳಿಯುತ್ತದೆ. ನನ್ನ ಕೈಯಲ್ಲೂ ಇಂಥ ಹಾಳೆ ಬಂದಿದ್ದರೆ ನಾನೂ ಕೆಂಪು ಸುತ್ತು ಹಾಕುತ್ತಿದ್ದೆ. ಒಂದು ತರಗತಿಯಲ್ಲಿ ಅರವತ್ತು ಮಕ್ಕಳು. ಒಬ್ಬಳಿಗೆ ‘ಇದೂ ಸರಿ’ ಎಂದರೆ ಉಳಿದ ಐವತ್ತೊಂಬತ್ತು ಮಂದಿ ಗೊಂದಲಕ್ಕೆ ಬೀಳುತ್ತಾರೆ.

ಆದರೆ ಚಂದಾವರದವರ ಮಾತು ಒಪ್ಪಿದೆ. ‘ನಮ್ಮ ಪರೀಕ್ಷೆಯಲ್ಲಿ ಬೇಡ’ ಎಂದು ಬರೆಯಬೇಕಿತ್ತು.

ಘಟ್ಟದ ಗಾಳಿ · 11:10

ಮಾಸ್ತರರೇ, ಸರಿಯಾಗಿ ಹೇಳಿದಿರಿ. ಎರಡೂ ಸರಿ, ಮೂರೂ ಸರಿ ಎನ್ನುತ್ತ ಹೋದರೆ ವ್ಯಾಕರಣ ಪುಸ್ತಕ ಯಾಕೆ ಬೇಕು? 1961ರಲ್ಲಿ ಅಮೆರಿಕದ ವೆಬ್‌ಸ್ಟರ್ ಕಂಪನಿಯ ದೊಡ್ಡ ನಿಘಂಟು ‘ಈಸ್ ನಾಟ್’ ಎನ್ನಲು ಆಡುಮಾತಿನಲ್ಲಿ ಬಳಸುವ ‘ಏಂಟ್’ ಎಂಬ ಶಬ್ದವನ್ನು ಖಂಡಿಸದೆ ಸೇರಿಸಿಕೊಂಡಿತೆಂದು ಅವರದೇ ಪತ್ರಿಕೆಗಳು ಕೆಂಡ ಕಾರಿದ್ದವು. ಅವರಲ್ಲೂ ಶಿಸ್ತು ಬೇಕೆನ್ನುವವರು ಇದ್ದಾರೆ.

ಕರಿಇಶಾಡು · 11:26

ಅಂಕೋಲೆಯಲ್ಲಿ ಮನೆಯಿಂದಲೇ ಕೆಲಸ ಮಾಡುತ್ತೇನೆ, ಹೊರದೇಶದ ಕಂಪನಿಗಳಿಗೆ ಬರಹ ತಿದ್ದಿಕೊಡುವುದು. ಬೆಳಿಗ್ಗೆ ಲಂಡನ್ನಿನ ಕೆಲಸ, ರಾತ್ರಿ ಷಿಕಾಗೋದ್ದು. ಕಂಪ್ಯೂಟರಿನಲ್ಲಿ ‘ಗಾಟನ್’ ಕೆಳಗೆ ಕೆಂಪು ಗೆರೆ ಬರುವುದೇ ಇಲ್ಲ. ಬೆಳಿಗ್ಗೆ ಅದನ್ನು ಕಂಡರೆ ತೆಗೆಯುತ್ತೇನೆ, ರಾತ್ರಿ ಇಲ್ಲದಿದ್ದರೆ ಸೇರಿಸುತ್ತೇನೆ. ಈಚೆಗೆ ಲಂಡನ್ನಿನ ಹುಡುಗರೇ ಬರೆದು ಕಳಿಸುತ್ತಿದ್ದಾರೆ. ತೆಗೆದರೆ ‘ಯಾಕೆ ತೆಗೆದಿರಿ’ ಎಂದು ಕೇಳುತ್ತಾರೆ. ಅವರ ತಂದೆತಾಯಿಗೆ ಕಿವಿ ಚುಚ್ಚುವ ಶಬ್ದ ಅವರಿಗೆ ಸಹಜ. ಅಮೆರಿಕದ ಧಾರಾವಾಹಿ ನೋಡಿ ಬೆಳೆದವರು. ಮಾಸ್ತರರೇ, ನಾವು ಯಾರ ಹೆಸರಿನಲ್ಲಿ ಕೆಂಪು ಸುತ್ತು ಹಾಕುತ್ತಿದ್ದೇವೋ ಅವರ ಮಕ್ಕಳೇ ಆ ಶಬ್ದವನ್ನು ಮನೆಗೆ ಕರೆತಂದಿದ್ದಾರೆ.

ಶರಾವತಿ ಮಾಸ್ತರ · 11:41

ಅದು ಪಠ್ಯಪುಸ್ತಕಕ್ಕೆ ಬರಲಿ ತಂಗೀ, ಆಗ ನೋಡೋಣ.

ಯಾಣದ ಕಲ್ಲು · 12:15

ಇನ್ನೊಂದು ವಿಷಯ ಹೇಳಬೇಕು. ಅಮೆರಿಕದಲ್ಲಿ ‘ಗಾಟ್’ ಬಿಟ್ಟು ಎಲ್ಲ ಕಡೆ ‘ಗಾಟನ್’ ಹಾಕುತ್ತಾರೆ ಎಂದುಕೊಳ್ಳಬೇಡಿ. ಇಲ್ಲಿ ಎರಡಕ್ಕೂ ಬೇರೆ ಬೇರೆ ಕೆಲಸವಿದೆ. ‘ಐ ಹ್ಯಾವ್ ಗಾಟ್’ ಎಂದರೆ ನನ್ನ ಬಳಿ ಇದೆ. ‘ಐ ಹ್ಯಾವ್ ಗಾಟನ್’ ಎಂದರೆ ಸಿಕ್ಕಿತು, ಪಡೆದೆ, ಅಥವಾ ಆ ಸ್ಥಿತಿಗೆ ಬಂದೆ. ನಮ್ಮಲ್ಲಿ ‘ಕೊಡೆ ಇದೆ’ ಎನ್ನುವುದಕ್ಕೂ ‘ಕೊಡೆ ಸಿಕ್ಕಿದೆ’ ಎನ್ನುವುದಕ್ಕೂ ಇರುವಷ್ಟು ವ್ಯತ್ಯಾಸ.

ಇದು ಗೊತ್ತಿಲ್ಲದೆ ನಾನು ಒಮ್ಮೆ ಫಜೀತಿಪಟ್ಟೆ. ಬಂದ ಮೊದಲ ಬೇಸಿಗೆ, ಕಚೇರಿಯ ಗೆಳೆಯರ ಜೊತೆ ಯೋಸೆಮಿಟಿ ಕಣಿವೆಗೆ ಹೋಗಿ ಬಂದಿದ್ದೆ. ಸೋಮವಾರ ಸಹೋದ್ಯೋಗಿಯೊಬ್ಬಳಿಗೆ ‘ನನಗೆ ಯೋಸೆಮಿಟಿ ನೋಡುವ ಅವಕಾಶ ಸಿಕ್ಕಿತು’ ಎಂದು ಹೇಳಬೇಕಿತ್ತು. ನಮ್ಮ ಶಾಲೆಯ ಇಂಗ್ಲಿಷಿನಲ್ಲಿ ‘ಹ್ಯಾವ್ ಗಾಟ್ ಟು ಸೀ’ ಎಂದೆ. ಅವಳ ಕಿವಿಗೆ ಅದು ‘ನೋಡಲೇಬೇಕು’ ಎಂದಾಯಿತು. ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ನನ್ನ ಮೇಜಿನ ಮೇಲೆ ಯೋಸೆಮಿಟಿಯ ಮಡಚಿದ ನಕಾಶೆ, ಅದರ ಮೇಲೆ ಪೆನ್ಸಿಲಿನಲ್ಲಿ ನಾಲ್ಕು ಜಲಪಾತಗಳಿಗೆ ಗುರುತು! ಹೋಗಿ ಬಂದ ಜಾಗಕ್ಕೆ ಅವಳು ದಾರಿ ತೋರಿಸುತ್ತಿದ್ದಳು. ಅಲ್ಲಿ ‘ಗಾಟನ್ ಟು’ ಎನ್ನಬೇಕಿತ್ತು. ಬಾಡದ ಅಕ್ಕನ ಮಗಳು ಬರೆದದ್ದೂ ಸರಿಯಾದ ಜಾಗದಲ್ಲಿದೆ. ಬಟ್ಟೆ ಒದ್ದೆಯಾಗಿ ಹೋಗಿತ್ತು ಎನ್ನುವ ಕಡೆ ಅಮೆರಿಕದವರು ಹಾಕುವುದು ಅದನ್ನೇ. ಹುಡುಗಿಯ ಕಿವಿ ಸೂಕ್ಷ್ಮವಾಗಿದೆ.

ಬಾಡದ ಅಕ್ಕ · 12:22

ಈ ಮಾತನ್ನು ಮಗಳಿಗೆ ಓದಿ ಹೇಳಿದೆ. ಬೆಳಗ್ಗಿನಿಂದ ಮೊದಲ ಬಾರಿ ನಕ್ಕಳು.

ಬೈತಕೋಲ್ ದೋಣಿ · ಮಧ್ಯಾಹ್ನ 1:37

ಎಲ್ಲ ಓದಿದೆ. ನನಗೆ ಸಿಟ್ಟು ಬಂದಿದೆ, ಅದನ್ನು ಮುಚ್ಚಿಡುವುದಿಲ್ಲ.

ನಾನು ಕಾರವಾರದವನು, ಮೀನುಗಾರರ ಮಗ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್ ಎಂದರೆ ದಿನಕ್ಕೊಂದು ತಾಸು. ಬ್ಯಾಂಕಿನ ಕೆಲಸದ ಸಂದರ್ಶನಕ್ಕೆ ಮುಂಬೈಗೆ ಹೋದಾಗ ಮನೆಯ ಬಗ್ಗೆ ಕೇಳಿದರು. ‘ಐ ಆ್ಯಮ್ ಹ್ಯಾವಿಂಗ್ ಟೂ ಬ್ರದರ್ಸ್’ ಎಂದೆ. ಮೇಜಿನ ಆಚೆ ಕುಳಿತ ಮೂವರಲ್ಲಿ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಾತ ತುಟಿ ಒತ್ತಿ ಹಿಡಿದು ಕಾಗದದ ಮೇಲೆ ಏನೋ ಗೀಚಿದ. ಕೆಲಸ ಸಿಗಲಿಲ್ಲ. ಅದೇ ಕಾರಣ ಎಂದು ಹೇಳಲಾರೆ, ಆದರೆ ಆ ತುಟಿ ಇವತ್ತಿಗೂ ಕಣ್ಣೆದುರಿಗಿದೆ.

ಈಗ ಕೇಳುತ್ತೇನೆ. ‘ಗಾಟನ್’ಗೆ ಇಷ್ಟು ಜನ ವಕೀಲರು ಎದ್ದು ನಿಂತಿರಿ. ಬೈಬಲ್ ತಂದಿರಿ, ಷೇಕ್ಸ್‌ಪಿಯರನನ್ನು ತಂದಿರಿ. ‘ಐ ಆ್ಯಮ್ ಹ್ಯಾವಿಂಗ್’ ಎನ್ನುವ ಮೀನುಗಾರರ ಮಗನಿಗೆ ವಕಾಲತ್ತು ಹಾಕಲು ಒಬ್ಬರಾದರೂ ಬರುತ್ತೀರಾ? ಅಮೆರಿಕದವರು ಬೇರೆ ರೀತಿ ಆಡಿದರೆ ಅದು ಇನ್ನೊಂದು ರೂಪ, ನಾವು ಬೇರೆ ರೀತಿ ಆಡಿದರೆ ತಪ್ಪು. ಅವರ ಕೈಯಲ್ಲಿ ಡಾಲರ್ ಇದೆ, ಸಿನಿಮಾ ಇದೆ, ಕಂಪ್ಯೂಟರ್ ಇದೆ. ನಮ್ಮ ಕೈಯಲ್ಲಿ ಬಲೆ ಇದೆ. ವ್ಯಾಕರಣದ ಹೆಸರಿನಲ್ಲಿ ನಡೆಯುತ್ತಿರುವುದು ಇದೇ.

ಪೇಟೆಬೀದಿ · 1:50

ಅಣ್ಣಾ, ಈ ಮಾತು ತಟ್ಟಿತು.

ಶರಾವತಿ ಮಾಸ್ತರ · 2:20

ಬೈತಕೋಲದ ತಮ್ಮಾ, ಊಟ ಅರ್ಧಕ್ಕೆ ಬಿಟ್ಟು ಬರೆಯುತ್ತಿದ್ದೇನೆ. ‘ಹ್ಯಾವಿಂಗ್’ಗೆ ನಾನು ಎಷ್ಟು ಸುತ್ತು ಹಾಕಿದ್ದೇನೋ ಲೆಕ್ಕವಿಲ್ಲ. ಇರುವ ಸಂಗತಿಗೆ, ಗೊತ್ತಿರುವ ಸಂಗತಿಗೆ ‘ಇಂಗ್’ ಹಚ್ಚಬಾರದು ಎಂದು ಕಲಿಸಿದ್ದೆ. ‘ಐ ಆ್ಯಮ್ ನೋಯಿಂಗ್’ ಎನ್ನಬಾರದು, ‘ಐ ನೋ’ ಎನ್ನಬೇಕು. ಆ ನಿಯಮ ಈಗಲೂ ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ತುಟಿ ಒತ್ತಿ ಹಿಡಿದು ಗೀಚುವ ಅಧಿಕಾರ ಯಾವ ನಿಯಮವೂ ಕೊಡುವುದಿಲ್ಲ.

ಕರಿಇಶಾಡು · 2:34

ಬೈತಕೋಲ್ ಅಣ್ಣ, ನಾನು ಬರುತ್ತೇನೆ ವಕಾಲತ್ತಿಗೆ. ‘ದಿ ಹೌಸ್ ಈಸ್ ಬೀಯಿಂಗ್ ಬಿಲ್ಟ್’ ಎಂಬ ವಾಕ್ಯದಲ್ಲಿ ಯಾರಿಗಾದರೂ ತಪ್ಪು ಕಾಣುತ್ತದೆಯೇ? ಎಲ್ಲ ಪರೀಕ್ಷೆಯಲ್ಲೂ ಕರ್ಮಣಿ ಪ್ರಯೋಗಕ್ಕೆ ಇದನ್ನೇ ಬರೆಸುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ‘ಈಸ್ ಬೀಯಿಂಗ್’ ಎಂಬುದನ್ನು ಕಂಡು ಇಂಗ್ಲಿಷ್ ಪಂಡಿತರು ಮೂಗು ಮುರಿದಿದ್ದರು. ಅವರ ಪ್ರಕಾರ ‘ದಿ ಹೌಸ್ ಈಸ್ ಬಿಲ್ಡಿಂಗ್’ ಸರಿ, ಇದು ಅಸಹ್ಯವಾದ ಹೊಸ ರೂಪ. ಈಗ ‘ಈಸ್ ಬಿಲ್ಡಿಂಗ್’ ಎಂದು ಬರೆದ ಮಗುವಿಗೆ ಸೊನ್ನೆ. ‘ಇಂಗ್’ ಎಲ್ಲಿ ಬರಬೇಕು, ಎಲ್ಲಿ ಬರಬಾರದು ಎಂಬ ಗಡಿಕಲ್ಲು ಅವರೇ ಎಷ್ಟೋ ಸಲ ಕಿತ್ತು ನೆಟ್ಟಿದ್ದಾರೆ. ‘ಹ್ಯಾವಿಂಗ್’ ಕೂಡ ನಮ್ಮ ದೇಶದಲ್ಲಿ ಕೋಟಿಗಟ್ಟಲೆ ಜನ ಆಡುವ ಮಾತು. ಇದಕ್ಕೂ ಒಂದು ದಿನ ಬರುತ್ತದೆ.

ಘಟ್ಟದ ಗಾಳಿ · 2:41

ಬರುವ ದಿನ ಬರಲಿ. ಅಲ್ಲಿಯವರೆಗೆ ನಮ್ಮ ಮಕ್ಕಳು ಕೆಲಸ ಕಳೆದುಕೊಳ್ಳಬೇಕೇ? ಕರುಣೆಯಿಂದ ತಪ್ಪನ್ನು ಬಿಟ್ಟುಬಿಟ್ಟರೆ ಆ ಸಂದರ್ಶನದ ಮೇಜಿನ ಎದುರು ಕೂರುವುದು ಮಗುವೇ, ನಾವಲ್ಲ.

ಬೈತಕೋಲ್ ದೋಣಿ · 2:55

ಇದನ್ನು ಒಪ್ಪುತ್ತೇನೆ. ನನ್ನ ಮಕ್ಕಳಿಗೆ ನಾನೇ ‘ಹ್ಯಾವಿಂಗ್’ ಬಿಡಿಸಿದ್ದೇನೆ. ಆದರೆ ‘ನಿನ್ನ ಅಪ್ಪ ದಡ್ಡ’ ಎಂದು ಹೇಳಿ ಬಿಡಿಸಲಿಲ್ಲ, ‘ಆ ಮೇಜಿನ ಎದುರು ಹೀಗೆ ಆಡು’ ಎಂದು ಹೇಳಿ ಬಿಡಿಸಿದೆ.

ಸೋಂದಾ ಹೊಳೆ · 3:10

ಚರ್ಚೆ ಚೆನ್ನಾಗಿದೆ. ಅದಿರಲಿ, ಮೊದಲು ನಮ್ಮ ಊರಿನ ಹೆಸರು ‘ಸಿರ್ಸಿ’ಯೋ ‘ಶಿರಸಿ’ಯೋ ಯಾರಾದರೂ ಇತ್ಯರ್ಥ ಮಾಡಿ. ಬಸ್ಸಿನ ಮೇಲೊಂದು, ಅಂಗಡಿಯ ಮೇಲೊಂದು.

ಪೇಟೆಬೀದಿ · 3:13

ಬಾಯಲ್ಲಿ ಸಿರ್ಸಿ, ಕಾಗದದಲ್ಲಿ ಶಿರಸಿ. ಮಾರಿಕಾಂಬೆಗೆ ಎರಡೂ ಕೇಳಿಸುತ್ತದೆ.

ಸೋಂದಾ ಹೊಳೆ · 3:15

ಹಾಗಾದರೆ ‘ಗಾಟನ್’ಗೂ ಇದೇ ತೀರ್ಪು ಕೊಡಿ!

ಬನವಾಸಿ ದಾರಿ · ಸಂಜೆ 5:46

ಕನ್ನಡ ಪಾಠ ಮಾಡುವವನು ನಾನು, ಇಂಗ್ಲಿಷ್ ಚರ್ಚೆಗೆ ಬಾಯಿ ಹಾಕುವುದು ಬೇಡವೆಂದು ಬೆಳಗ್ಗಿನಿಂದ ಸುಮ್ಮನಿದ್ದೆ. ಸುಮ್ಮನಿರಲು ಆಗುತ್ತಿಲ್ಲ.

ಯಾಣದ ಕಲ್ಲು ಬರೆದದ್ದನ್ನು ಓದುವಾಗ ನನಗೆ ನೆನಪಾದದ್ದು ಒಂದನೆಯ ತರಗತಿ. ಹವ್ಯಕರ ಮನೆಯ ಹುಡುಗ. ಎರಡನೆಯ ದಿನವೋ ಮೂರನೆಯ ದಿನವೋ, ಹೊರಗೆ ಆಟಕ್ಕೆ ಕರೆದಾಗ ‘ಆನು ಬತ್ತಿಲ್ಲೆ’ ಎಂದೆ. ತರಗತಿಯೆಲ್ಲ ನಕ್ಕಿತು. ಗುರುಗಳು ಕಿವಿ ಹಿಡಿದು ಎಬ್ಬಿಸಿ, ‘ಆನು ಎಂದರೇನು, ಆನೆಯೇ? ನಾನು ಎನ್ನು’ ಎಂದು ಹತ್ತು ಸಲ ಹೇಳಿಸಿದರು. ಹೇಳಿದೆ. ಮನೆಗೆ ಬಂದು ಆಯಿಯ ಹತ್ತಿರವೂ ‘ನಾನು’ ಎಂದೆ. ಅವಳು ದೋಸೆ ಕಾವಲಿಯ ಮೇಲಿಂದ ಕೈ ತೆಗೆದು ಒಂದು ಗಳಿಗೆ ನನ್ನನ್ನೇ ನೋಡಿದಳು. ಏನೂ ಹೇಳಲಿಲ್ಲ. ದೋಸೆ ಅಂಚು ಕಪ್ಪಾಗಿತ್ತು.

ಹದಿನೈದು ವರ್ಷದ ಮೇಲೆ ಧಾರವಾಡದಲ್ಲಿ ಎಂ.ಎ. ಓದುವಾಗ ಹಳಗನ್ನಡ ತೆಗೆದರೆ ಪುಟಪುಟದಲ್ಲೂ ‘ಆನ್’. ವಚನಗಳಲ್ಲಿ ‘ಎನ್ನ’, ‘ಎನಗೆ’. ನನ್ನ ಆಯಿ ಕಾವಲಿಯ ಮುಂದೆ ಕುಳಿತು ಆಡುತ್ತಿದ್ದ ಮಾತಿನ ಬೇರು ಸಾವಿರ ವರ್ಷದ ಹಿಂದಿನ ಕಾವ್ಯದಲ್ಲಿದೆ. ಉಳಿದ ಕನ್ನಡ ‘ನಾನು’ ಎಂಬುದಕ್ಕೆ ಸರಿದುಕೊಂಡಿತು, ನಮ್ಮ ಅಡಕೆ ತೋಟದ ಮನೆಗಳು ‘ಆನು’ವನ್ನು ಬಿಡಲಿಲ್ಲ. ಅಂಚಿನಲ್ಲಿದ್ದವರ ಬಾಯಲ್ಲಿ ಹಳೆಯದು ಉಳಿಯುತ್ತದೆ, ನಡುವಿನಲ್ಲಿದ್ದವರು ಹೊಸದಕ್ಕೆ ಹೋಗಿ ಹಳೆಯದನ್ನೇ ತಪ್ಪು ಎನ್ನುತ್ತಾರೆ. ‘ಗಾಟನ್’ ಕಥೆ ನಮ್ಮ ‘ಆನು’ವಿನ ಕಥೆಯೇ.

ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಶುದ್ಧ ಯಾವುದು, ದೋಷ ಯಾವುದು ಎಂದು ವಿಂಗಡಿಸಲೆಂದೇ ಹೊರಟ ಗ್ರಂಥ. ಅದೂ ಒಂದು ಕಡೆ ನಿಂತು ಒಪ್ಪಿಕೊಳ್ಳುತ್ತದೆ: ಕನ್ನಡಗಳು ದೇಶದಿಂದ ದೇಶಕ್ಕೆ ಬೇರೆ ಬೇರೆ, ಅವುಗಳ ದೋಷ ಇಷ್ಟೇ ಎಂದು ಎಣಿಸಹೊರಟರೆ ವಾಸುಕಿಗೂ ಬೇಸರ ಬಂದೀತು ಎಂದು. ನಮ್ಮ ಜಿಲ್ಲೆಯ ಮಾತೇ ಹೇಳಬೇಕೆಂದರೆ, ಭಟ್ಕಳದ ಹತ್ತಿರದ ಹಾಡುವಳ್ಳಿಯ ಜೈನ ಮಠದ ಪರಂಪರೆಯ ಭಟ್ಟಾಕಳಂಕರು 1604ರಲ್ಲಿ ‘ಕರ್ನಾಟಕ ಶಬ್ದಾನುಶಾಸನ’ ಬರೆದರು. ಕನ್ನಡದ ವ್ಯಾಕರಣ, ಆದರೆ ಸಂಸ್ಕೃತ ಸೂತ್ರಗಳಲ್ಲಿ. ಕನ್ನಡ ಶಾಸ್ತ್ರಕ್ಕೆ ಯೋಗ್ಯವಲ್ಲ ಎನ್ನುವ ಪಂಡಿತರಿಗೆ ಅವರ ಭಾಷೆಯಲ್ಲೇ ಉತ್ತರ ಕೊಟ್ಟರು. ಆ ಬೈಬಲ್ ಬಂದದ್ದು 1611ರಲ್ಲಿ ಎಂದರಲ್ಲ, ಅದಕ್ಕೆ ಏಳು ವರ್ಷ ಮೊದಲು, ಇದೇ ಕರಾವಳಿಯ ಪರಂಪರೆಯಲ್ಲಿ, ಯಾವ ಮಾತಿಗೆ ಮರ್ಯಾದೆ ಸಲ್ಲಬೇಕು ಎಂಬ ವಾದ ನಡೆದಿತ್ತು.

ಯಾಣದ ಕಲ್ಲು · 6:02

ನಮ್ಮ ಮನೆಯಲ್ಲೂ ಅದೇ ‘ಆನು’. ಇಲ್ಲಿ ಹುಟ್ಟಿದ ನನ್ನ ಮಗನಿಗೆ ‘ನಾನು’ ಗೊತ್ತೇ ಇಲ್ಲ, ‘ಆನು’ ಮಾತ್ರ ಗೊತ್ತು. ಬೆಂಗಳೂರಿನ ಸ್ನೇಹಿತರು ಬಂದಾಗ ‘ಇವನ ಕನ್ನಡ ಸರಿಯಿಲ್ಲ’ ಎಂದಿದ್ದರು.

ಬೈತಕೋಲ್ ದೋಣಿ · 6:11

ಭಟ್ಟರೇ, ನಿಮ್ಮ ಆಯಿಯ ದೋಸೆ ಕಾವಲಿ ಓದಿ ಗಂಟಲು ಕಟ್ಟಿತು. ಆದರೆ ಒಂದು ಮಾತು. ಹಳೆಯದು ಎಂಬ ಕಾರಣಕ್ಕೇ ಮರ್ಯಾದೆ ಕೊಡಬೇಕೇ? ‘ಆನು’ ಹಿಂದೆ ಪಂಪನ ಕಾಲದ ಕಾವ್ಯ ನಿಂತಿದೆ, ‘ಗಾಟನ್’ ಹಿಂದೆ ಬೈಬಲ್ ನಿಂತಿದೆ. ನನ್ನ ‘ಹ್ಯಾವಿಂಗ್’ ಹಿಂದೆ ಯಾರೂ ನಿಂತಿಲ್ಲ. ಅದು ಹೊಸದು, ಬಡವರದು. ಅದಕ್ಕೆ ಸಾಕ್ಷಿ ಎಲ್ಲಿಂದ ತರಲಿ?

ಬನವಾಸಿ ದಾರಿ · 6:30

ನೀವು ಹೇಳಿದ್ದು ಸರಿ. ಸಾಕ್ಷಿ ಹುಡುಕುತ್ತ ಹಿಂದಕ್ಕೆ ಹೋಗುವುದು ನಮ್ಮ ಕಸುಬಿನ ಚಟ. ಕೋಟಿ ಜನ ಆಡುತ್ತಾರೆ, ಕೇಳಿದವರಿಗೆ ಅರ್ಥವಾಗುತ್ತದೆ; ಒಂದು ರೂಪಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ನನ್ನ ವಾದದಲ್ಲಿ ಈ ತೂತು ಇತ್ತು.

ಚಂದಾವರ · 6:48

ಹಳೆಯದೆಂಬ ಕಾರಣಕ್ಕೆ ಒಪ್ಪಬೇಕಿಲ್ಲ ಎನ್ನುವುದಾದರೆ ಇನ್ನೊಂದು ಕೇಳಿ. 1762ರಲ್ಲಿ ರಾಬರ್ಟ್ ಲೋತ್ ಎಂಬಾತ, ಮುಂದೆ ಲಂಡನ್ನಿನ ಬಿಷಪ್ ಆದವನು, ಇಂಗ್ಲಿಷಿಗೆ ಒಂದು ವ್ಯಾಕರಣ ಬರೆದ. ಭೂತಕಾಲದ ರೂಪವನ್ನು ಕೃದಂತದ, ಅಂದರೆ ‘ಹ್ಯಾವ್’ ಜೊತೆ ಬರುವ ಮೂರನೆಯ ರೂಪದ, ಜಾಗದಲ್ಲಿ ಹಾಕಬಾರದು ಎಂಬುದು ಅವನ ದೊಡ್ಡ ದೂರು. ‘ಹ್ಯಾವ್ ರಿಟನ್’ ಎನ್ನುವ ಬದಲು ‘ಹ್ಯಾವ್ ರೋಟ್’ ಎಂದು ಬರೆದ ಹೆಸರಾಂತ ಲೇಖಕರನ್ನೂ ಬಿಡದೆ ತಿದ್ದಿದ. ಆ ಲೆಕ್ಕ ಹಿಡಿದರೆ ‘ಹ್ಯಾಡ್ ಗಾಟ್’ ಎಂಬುದೇ ಅದೇ ಜಾತಿಯ ತಪ್ಪಾಗಬೇಕು! ಭೂತಕಾಲದ ‘ಗಾಟ್’ ಹೋಗಿ ‘ಗಾಟನ್’ನ ಕುರ್ಚಿಯಲ್ಲಿ ಕುಳಿತದ್ದು. ‘ರೋಟ್’ ಕುಳಿತಾಗ ಎಬ್ಬಿಸಿದರು, ‘ಗಾಟ್’ ಕುಳಿತಾಗ ಅದನ್ನೇ ನಿಯಮ ಮಾಡಿದರು.

ಶರಾವತಿ ಮಾಸ್ತರ · 7:05

ಮೂವತ್ತನಾಲ್ಕು ವರ್ಷದಲ್ಲಿ ಇದನ್ನು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ‘ರೈಟ್, ರೋಟ್, ರಿಟನ್’, ‘ಫರ್ಗೆಟ್, ಫರ್ಗಾಟ್, ಫರ್ಗಾಟನ್’ ಎಂದು ಕಲಿಸಿದ ಉಸಿರಿನಲ್ಲೇ ‘ಗೆಟ್, ಗಾಟ್, ಗಾಟ್’ ಎಂದೂ ಕಲಿಸಿದ್ದೆ. ಒಬ್ಬ ಹುಡುಗ, ಹಿಂದಿನ ಬೆಂಚಿನವನು, ‘ಸರ್, ಇದಕ್ಕೆ ಮಾತ್ರ ಯಾಕೆ ಬಾಲವಿಲ್ಲ?’ ಎಂದು ಕೇಳಿದ್ದ. ಕೂರು ಎಂದಿದ್ದೆ. ಅವನು ಕೇಳಿದ ಪ್ರಶ್ನೆ ಸರಿಯಾಗಿತ್ತು.

ನನ್ನ ನಿಲುವು ಈಗಲೂ ಇಷ್ಟು: ಪರೀಕ್ಷೆಯಲ್ಲಿ ‘ಗಾಟ್’ ಬರೆಯಲಿ. ಬಾಡದ ತಂಗೀ, ನೀನು ಅಕ್ಕೋರನ್ನು ಹೋಗಿ ನೋಡು. ಅಂಕ ಕೇಳಬೇಡ. ‘ಇಲ್ಲ’ ಎಂಬ ಮಾತನ್ನು ಮಾತ್ರ ಕೇಳು. ಮಗುವನ್ನೂ ಕರೆದುಕೊಂಡು ಹೋಗು, ಅವಳ ಎದುರಿಗೇ ಮಾತಾಗಲಿ. ಹಿಂದಿನಿಂದ ಹೋಗಿ ದೂರು ಕೊಟ್ಟಂತೆ ಆಗಬಾರದು.

ಘಟ್ಟದ ಗಾಳಿ · 7:20

ಬೆಳಿಗ್ಗೆ ‘ಯಾವ ಕಾಲಕ್ಕೂ ಇರಲಿಲ್ಲ’ ಎಂದು ಬರೆದದ್ದು ನನ್ನ ತಪ್ಪು, ಹಿಂದೆ ತೆಗೆದುಕೊಂಡಿದ್ದೇನೆ. ಅಂಕ ಕಳೆದದ್ದು ಸರಿ ಎಂಬ ಮಾತಿನಲ್ಲಿ ಬದಲಾವಣೆಯಿಲ್ಲ.

ಬಾಡದ ಅಕ್ಕ · ಮಂಗಳವಾರ, ಸಂಜೆ 6:15

ಇವತ್ತು ಹೋಗಿದ್ದೆ, ಮಗಳೂ ಜೊತೆಗಿದ್ದಳು. ಹೋಗುವಾಗ ಕೈ ತಣ್ಣಗಾಗಿತ್ತು. ಅಕ್ಕೋರು ಚಿಕ್ಕ ವಯಸ್ಸಿನವರು, ಶಿಕ್ಷಕರ ಕೋಣೆಯಲ್ಲಿ ಎರಡು ಕಟ್ಟು ಉತ್ತರಪತ್ರಿಕೆಗಳ ನಡುವೆ ಕುಳಿತಿದ್ದರು. ಊಟದ ಡಬ್ಬಿ ತೆರೆದಿರಲೇ ಇಲ್ಲ. ಮಾಸ್ತರರು ಹೇಳಿದಂತೆ ಅಂಕದ ಮಾತು ಎತ್ತಲಿಲ್ಲ. ಮಗಳು ‘ಫರ್ಗಾಟನ್’ ಎಂಬುದರ ಒಳಗೆ ಇದೇ ಶಬ್ದ ಇದೆಯಲ್ಲವೇ ಎಂದು ಕೇಳಿದಳು. ಅಕ್ಕೋರು ಹಾಳೆ ತೆಗೆದುಕೊಂಡು ತಾವೇ ಹಾಕಿದ ಕೆಂಪು ಸುತ್ತನ್ನು ಸ್ವಲ್ಪ ಹೊತ್ತು ನೋಡಿದರು. ‘ನನಗೂ ಹೀಗೆಯೇ ಸುತ್ತು ಹಾಕಿ ಕಲಿಸಿದ್ದರು’ ಎಂದರು.

‘ಇಂಥ ಶಬ್ದವೇ ಇಲ್ಲ’ ಎಂಬುದರ ಮೇಲೆ ಗೆರೆ ಎಳೆದು, ಕೆಳಗೆ ‘ಅಮೆರಿಕದಲ್ಲಿ ಇದೆ, ನಮ್ಮ ಪರೀಕ್ಷೆಯಲ್ಲಿ ‘ಗಾಟ್’ ಬರೆ’ ಎಂದು ತಿದ್ದಿದರು. ಅರ್ಧ ಅಂಕ ವಾಪಸ್ ಕೊಡಲಿಲ್ಲ. ನಾನೂ ಕೇಳಲಿಲ್ಲ. ಆದರೆ ನಾಳೆ ತರಗತಿಯಲ್ಲಿ ಹಲಗೆಯ ಮೇಲೆ ಎರಡೂ ರೂಪ ಬರೆದು ವಿವರಿಸು ಎಂದು ಮಗಳಿಗೇ ಒಪ್ಪಿಸಿದ್ದಾರೆ. ಅವಳು ಈಗ ಅಡುಗೆಮನೆಯ ಕಟ್ಟೆಯ ಮೇಲೆ ಕುಳಿತು ತಯಾರಿ ನಡೆಸಿದ್ದಾಳೆ. ಕೊಡೆ ಇದೆ, ಕೊಡೆ ಸಿಕ್ಕಿದೆ ಎಂಬ ಉದಾಹರಣೆ ಅವಳಿಗೆ ತುಂಬಾ ಹಿಡಿಸಿದೆ. ಯಾಣದವರೇ, ಅದನ್ನು ಬಳಸಿಕೊಳ್ಳಬಹುದೇ ಎಂದು ಕೇಳುತ್ತಿದ್ದಾಳೆ. ಬೈತಕೋಲ್ ಅಣ್ಣ, ‘ಹ್ಯಾವಿಂಗ್’ ಬಗ್ಗೆಯೂ ಹೇಳುತ್ತಾಳಂತೆ. ಅವಳ ಬೆಂಚಿನ ಗೆಳತಿ ಹಾಗೆಯೇ ಮಾತಾಡುತ್ತಾಳಂತೆ.

ಯಾಣದ ಕಲ್ಲು · 6:21

ಕೇಳುವುದೇನು, ಧಾರಾಳವಾಗಿ ಬಳಸಲಿ.

ಬೈತಕೋಲ್ ದೋಣಿ · 6:40

ಆ ಗೆಳತಿ ಮೊದಲ ಸಾಲಿನಲ್ಲಿ ಕೂರಲಿ ಎಂದು ಹೇಳಿ.

ಶರಾವತಿ ಮಾಸ್ತರ · 7:02

ಹಲಗೆಯ ಮೇಲೆ ದೊಡ್ಡದಾಗಿ ಬರೆಯಲು ಹೇಳು ತಂಗೀ, ಹಿಂದಿನ ಬೆಂಚಿನವರಿಗೂ ಕಾಣಬೇಕು.